ಎಸೆದ ಎಲೆಯೇ ಸಾಕ್ಷಿ

ಯುಗಾದಿಯ ಮಾರನೇ ದಿನ ಹೊಸತೊಡಕು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯ ಕಡೆ ಅವತ್ತು ಬಾಡೂಟ ಮುಗಿಸಿದವರು ಇಸ್ಪೀಟು ಹಿಡಿದು ತೋಟದ ನೆರಳಿಗೋ ಅರಳಿಕಟ್ಟೆಗೋ ಹೊರಡುವುದು ಹಳೇ ರೂಢಿ. ಒಂದು ಗುಂಪು ಅಂದರ್ ಬಾಹರ್‌ಗೆ, ಇನ್ನೊಂದು ರಮ್ಮಿಗೆ. ‘ಅವನ ಕೈ ನಂಗೆ ಗೊತ್ತಾಗೋಯ್ತು’ ಎನ್ನುವವರು ಎರಡರಲ್ಲೂ ಸಿಗುತ್ತಾರೆ. ಅಂದರ್ ಬಾಹರ್‌ನಲ್ಲಿ ಈ ಮಾತು ಬರೀ ಬಡಾಯಿ. ತೆರೆದಿಟ್ಟ ಎಲೆಯ ಜೋಡಿ ಒಳಗೆ ಬೀಳುತ್ತದೋ ಹೊರಗೋ ಎಂದು ಕಾಯುವ ಆಟದಲ್ಲಿ ಯಾರ ಕೈಯಲ್ಲೂ ಗುಟ್ಟಿನ ಎಲೆಯೇ ಇರುವುದಿಲ್ಲ. ಹಂಚುವವನಿಗೂ ಗೊತ್ತಿರುವುದಿಲ್ಲ, ಅವನು ಮೋಸಗಾರನಲ್ಲದಿದ್ದರೆ.

ರಮ್ಮಿಯಲ್ಲಿ ಓದಲು ನಿಜಕ್ಕೂ ಏನೋ ಇದೆ. ನಿಮ್ಮ ಪಕ್ಕದವನು, ನೀವು ಎಸೆದ ಆಟೀನು ಏಳನ್ನು ಎತ್ತಿಕೊಂಡ ಅಂದುಕೊಳ್ಳಿ. ಏಳುಗಳ ಸೆಟ್ಟು ಕಟ್ಟುತ್ತಿರಬಹುದು, ಆಟೀನು ಸಾಲು ಕಟ್ಟುತ್ತಿರಬಹುದು. ಎರಡು ಸುತ್ತು ಬಿಟ್ಟು ಅವನೇ ಇಸ್ಪೀಟು ಏಳನ್ನು ಎಸೆದರೆ ಸೆಟ್ಟಿನ ಅನುಮಾನ ಬಹುಪಾಲು ಹೋಯಿತು. ಉಳಿದದ್ದು ಸಾಲು: 5-6-7, 6-7-8 ಅಥವಾ 7-8-9. ಎರಡು ಕಟ್ಟಿನ ಆಟವಾದ್ದರಿಂದ ಆಟೀನು ಎಂಟು ಎರಡೇ. ಒಂದು ನಿಮ್ಮ ಕೈಲಿದೆ, ಇನ್ನೊಂದು ಆಗಲೇ ಬಿದ್ದುಹೋಗಿದೆ. ಜೋಕರ್ ಬಿಟ್ಟರೆ ಅವನ ಹತ್ತಿರ ಇರಬಹುದಾದದ್ದು 5-6-7 ಒಂದೇ. ನಿಮ್ಮ ಕೈಯ ಆಟೀನು ಒಂಬತ್ತನ್ನು ಹೆದರದೆ ಎಸೆಯಬಹುದು, ನಾಲ್ಕನ್ನು, ಎಂಟನ್ನು ಮಾತ್ರ ಬಿಡಬಾರದು. ಇಷ್ಟು ತಿಳಿಯಲು ಅವನ ಮುಖವನ್ನು ಒಮ್ಮೆಯೂ ನೋಡಬೇಕಾಗಿಲ್ಲ.

ಕಟ್ಟೆಯ ಮೇಲೆ ಹೊಗಳಿಸಿಕೊಳ್ಳುವವನು ಮಾತ್ರ ಮುಖ ಓದುವವನೇ. ಬೀಡಿ ಹಚ್ಚಿದರೆ ಕೈ ಚೆನ್ನಾಗಿದೆ, ಎಲೆ ಮತ್ತೆ ಮತ್ತೆ ಜೋಡಿಸಿದರೆ ಕೆಟ್ಟಿದೆ ಎಂಬ ಸೂತ್ರಗಳು ಅವನವು. ಪೋಕರ್ ಲೋಕದಲ್ಲೂ ಈ ಗೀಳಿದೆ. ಮೈಕ್ ಕ್ಯಾರೊ 1984ರಲ್ಲಿ ಇದರ ಮೇಲೆಯೇ ಒಂದು ಪುಸ್ತಕ ಬರೆದ. ಕೈ ಬಲವಾಗಿದ್ದವನು ಸೋತವನಂತೆ ನಟಿಸುತ್ತಾನೆ, ಖಾಲಿ ಇದ್ದವನು ಎದೆಯುಬ್ಬಿಸುತ್ತಾನೆ ಎಂಬುದು ಅದರ ತಿರುಳು. ಹೊಸಬರ ಮಟ್ಟಿಗೆ ಸರಿ. ಆದರೆ ಆ ಪುಸ್ತಕವನ್ನು ಎದುರಾಳಿಯೂ ಓದಿದ್ದರೆ? ಲೆಕ್ಕಕ್ಕೆ ಆ ತೊಂದರೆಯಿಲ್ಲ. ಪೋಕರ್‌ನಲ್ಲಿ ನಿಮ್ಮ ಕೈಲೊಂದು ಎಕ್ಕ, ನಡುವೆ ತೆರೆದಿಟ್ಟದ್ದರಲ್ಲಿ ಒಂದು ಎಕ್ಕ, ರಾಜ ಒಂದೂ ಕಂಡಿಲ್ಲ ಎನ್ನಿ. ಎದುರಾಳಿಗೆ ಎರಡು ಎಕ್ಕ ಬಂದಿರಲು ಈಗ ಉಳಿದದ್ದು ಒಂದೇ ದಾರಿ; ಎಕ್ಕ-ರಾಜ ಬಂದಿರಲು ಎಂಟು ದಾರಿ. ಪಣ ಏರಿಸಿದ ಕೂಡಲೇ ‘ಜೋಡಿ ಎಕ್ಕ!’ ಎಂದು ಬೆವರುವವನು ಎಂಟನ್ನು ಬಿಟ್ಟು ಒಂದಕ್ಕೆ ಹೆದರುತ್ತಿದ್ದಾನೆ. ಒಳ್ಳೆಯ ಪೋಕರ್ ಆಟಗಾರ ಒಂದೇ ಕೈಯನ್ನು ಊಹಿಸಿ ಪಟ್ಟು ಹಿಡಿಯುವುದಿಲ್ಲ; ಇರಬಹುದಾದ ಕೈಗಳನ್ನೆಲ್ಲ ಮುಂದಿಟ್ಟುಕೊಂಡು, ಪ್ರತಿ ಸುತ್ತಿನ ಪಣ ನೋಡಿ ಒಂದೊಂದಾಗಿ ಅಳಿಸುತ್ತಾ ಹೋಗುತ್ತಾನೆ. ರಮ್ಮಿಯವನು ಎಸೆದ ಎಲೆಯಿಂದ ಮಾಡುವುದೂ ಇದನ್ನೇ.

ಎಸೆದ ಎಲೆಯೂ ಸುಳ್ಳು ಹೇಳಬಲ್ಲದು ಎಂಬುದನ್ನು ಒಪ್ಪಬೇಕು. ಒಂಬತ್ತು ಬೇಕಾದವನು ಎಂಟನ್ನು ಗಾಳಕ್ಕೆ ಹಾಕುತ್ತಾನೆ. ಆದರೆ ಆ ಸುಳ್ಳಿಗೆ ಅವನು ಒಂದು ಎಲೆ ತೆರಬೇಕು, ಮುಖ ಸಿಂಡರಿಸುವುದಕ್ಕೆ ಕಾಸಿನ ಖರ್ಚಿಲ್ಲ.

1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಬಹುಪಾಲು ಕೌಶಲದ ಆಟ ಎಂದದ್ದು ಈ ಗುಣ ನೋಡಿಯೇ: ಬಿದ್ದ ಎಲೆ ನೆನಪಿಡಬೇಕು, ಹಿಡಿಯುವುದು ಬಿಡುವುದು ತಿಳಿದಿರಬೇಕು. ಅದೇ ತೀರ್ಪು ಮೂರೆಲೆಯಾಟವನ್ನು ಬರೀ ಅದೃಷ್ಟ ಎಂದು ಬದಿಗೆ ಸರಿಸಿತು. ಇದು ನನಗೆ ಸರಿ ಕಾಣುವುದಿಲ್ಲ. ಬ್ಲೈಂಡ್ ಆಡುತ್ತಿದ್ದವನು ಎಲೆ ನೋಡಿದ ಮೇಲೂ ಪಣ ಏರಿಸಿದರೆ ಅದೂ ಓದಬೇಕಾದ ಸುದ್ದಿಯೇ. ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಓದುವ ಸಾಮಗ್ರಿ ಪೋಕರ್‌ನಲ್ಲಿ ಹೆಚ್ಚು, ಮೂರೆಲೆಯಲ್ಲಿ ಕಡಿಮೆ; ಅಷ್ಟೇ ವ್ಯತ್ಯಾಸ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿತು. ಮೊಬೈಲ್ ರಮ್ಮಿಗಾಗಿ ನಾನು ಮರುಗುವುದಿಲ್ಲ. ಪ್ರತಿ ಆಟಕ್ಕೂ ಹೊಸ ಅಪರಿಚಿತ, ಯೋಚಿಸಲು ಕೆಲವೇ ಸೆಕೆಂಡು. ಅಲ್ಲಿ ಓದುವ ವಿದ್ಯೆ ಬೆಳೆಯಲು ಜಾಗವಿರಲಿಲ್ಲ.

ಹಳ್ಳಿಯ ಕಟ್ಟೆಯ ಕೊರತೆ ಬೇರೆ. ಅಲ್ಲಿ ಪರಿಚಯವೇ ಜಾಸ್ತಿ. ಮಾವನಿಗೆ ಬೇಕಾದ ಎಲೆ ಯಾವುದೆಂದು ಅಳಿಯನಿಗೆ ಗೊತ್ತಾದರೂ ಕೆಲವೊಮ್ಮೆ ಬೇಕಂತಲೇ ಎಸೆಯುತ್ತಾನೆ. ಅಂಥ ಎಲೆ ಏನನ್ನೂ ಹೇಳುವುದಿಲ್ಲ. ಇನ್ನೊಂದು, ಓದಿದ್ದರ ಫಲ ಯಾರಿಗೂ ಕಾಣುವುದಿಲ್ಲ. 101 ಪಾಯಿಂಟು ತುಂಬಿದವನು ಹೊರಬೀಳುವ ರಮ್ಮಿಯಲ್ಲಿ ಎಲೆ ಎತ್ತುವ ಮೊದಲೇ ಬಿಟ್ಟರೆ 20 ಪಾಯಿಂಟು, ನಡುವೆ ಬಿಟ್ಟರೆ 40, ಬೇರೆಯವರು ಶೋ ಮಾಡುವ ತನಕ ಕೂತರೆ 80ರವರೆಗೂ ತಲೆಮೇಲೆ ಬೀಳಬಹುದು. ಪಕ್ಕದವನ ಸಾಲು ತುಂಬುತ್ತಿರುವುದನ್ನು ಕಂಡು ಅರ್ಧದಲ್ಲೇ ಎಲೆ ಮಡಚಿಟ್ಟು 40 ಬರೆಸಿಕೊಂಡವನನ್ನು ಸುತ್ತ ನಿಂತವರು ಪುಕ್ಕಲ ಎಂದೇ ಆಡಿಕೊಳ್ಳುತ್ತಾರೆ.