ಸಂದೇಹದ ಸಂಬೋಧನೆ: ‘ಗೊಲ್ಗೊಥಾ’ದ ಓದಿಗೊಂದು ಟಿಪ್ಪಣಿ

ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ಕೇವಲ ಕರುಣರಸದ ಕಾವ್ಯವೆಂದು ಓದುವುದು ಸುಲಭ. ಆದರೆ ಅದರ ವಸ್ತುವಿನ ಒಳಗೇ ಇರುವ ಸಂದೇಹದ ಪ್ರಶ್ನೆಯನ್ನು ಬಿಟ್ಟು ಓದಿದರೆ ಆ ಕರುಣವೂ ತೆಳುವಾಗುತ್ತದೆ. ಕ್ರೈಸ್ತ ಶ್ರದ್ಧೆಯಲ್ಲಿ ಸಂದೇಹದ ಸ್ಥಾನವೇನೆಂಬುದನ್ನು ಇಲ್ಲಿ ಪರಿಶೀಲಿಸಬೇಕಾಗಿದೆ.

ನಮಗೆ ಹೆಚ್ಚು ಪರಿಚಿತವಾದ ಮಾದರಿ ಪ್ರಹ್ಲಾದನ ಕಥೆಯದು. ನರಹರಿತೀರ್ಥರ ಶಾಸನಗಳಿಂದ ಕನ್ನಡ ಸಂಶೋಧಕರು ಬಲ್ಲ ಸಿಂಹಾಚಲದ ಸ್ಥಳಪುರಾಣಕ್ಕೂ ಆ ಕಥೆಯೇ ಆಧಾರ. ಅಲ್ಲಿ ಸಾಕ್ಷ್ಯವನ್ನು ಕೇಳುವವನು ದೈವದ್ವೇಷಿ. ಭಕ್ತನಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಹಿರಣ್ಯಕಶಿಪು ಪ್ರಶ್ನಿಸುವುದು ಮಗನನ್ನು, ಹರಿಯನ್ನಲ್ಲ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಅವನ ಪ್ರಶ್ನೆಯಲ್ಲಿ ದೇವರು ಪ್ರಥಮಪುರುಷ.

ಸುವಾರ್ತೆಗಳಲ್ಲಿ ಈ ಸ್ಥಾನಗಳು ಪಲ್ಲಟಗೊಳ್ಳುತ್ತವೆ. ಯೋಹಾನನ 20ನೆಯ ಅಧ್ಯಾಯದಲ್ಲಿ, ಗಾಯಗಳನ್ನು ಮುಟ್ಟದೆ ನಂಬಲಾರೆನೆನ್ನುವ ತೋಮನು ಶಿಷ್ಯನೇ. ಯೇಸು ಕಾಣದೆ ನಂಬುವವರನ್ನು ಧನ್ಯರೆಂದರೂ, ತೋಮನನ್ನು ತಿರಸ್ಕರಿಸದೆ ಗಾಯಗಳನ್ನು ತೋರುತ್ತಾನೆ. ಮಾರ್ಕನ 9ನೆಯ ಅಧ್ಯಾಯದಲ್ಲಿ ರೋಗಿಯಾದ ಬಾಲಕನ ತಂದೆ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡು ನೆರವು ಬೇಡುತ್ತಾನೆ. 15ನೆಯ ಅಧ್ಯಾಯದಲ್ಲಂತೂ ಶಿಲುಬೆಯ ಮೇಲಿನ ಯೇಸುವೇ, 22ನೆಯ ಕೀರ್ತನೆಯ ಆರಂಭದ ಮಾತಿನಿಂದ, ತನ್ನನ್ನು ಏಕೆ ಕೈಬಿಟ್ಟೆಯೆಂದು ದೇವರನ್ನು ಕೇಳುತ್ತಾನೆ. ಇದು ದೇವರ ವಿಷಯವಾಗಿ ಎತ್ತಿದ ಪ್ರಶ್ನೆಯಲ್ಲ. ದೇವರಿಗೇ ಇಟ್ಟ ಪ್ರಶ್ನೆ. ಆದುದರಿಂದ ಇದನ್ನು ನಾಸ್ತಿಕ್ಯವೆನ್ನಲಾಗದು.

ನ್ಯಾಯದರ್ಶನವು 16 ಪದಾರ್ಥಗಳಲ್ಲಿ ಸಂಶಯವನ್ನೂ ಎಣಿಸುತ್ತದೆ. ಅಲ್ಲಿ ಸಂಶಯವು ವಿಚಾರಕ್ಕೆ ಪ್ರೇರಕ, ನಿರ್ಣಯದಲ್ಲಿ ಅದರ ನಿವೃತ್ತಿ. ಶಿಲುಬೆಯ ಪ್ರಶ್ನೆ ನಿರ್ಣಯಕ್ಕಿಂತ ಮೊದಲು ಸನ್ನಿಧಿಯನ್ನು ಬಯಸುತ್ತದೆ. ಕೂಡಲಸಂಗಮದೇವನನ್ನು ಹೆಸರಿಟ್ಟು ಕರೆದು ಆಕ್ಷೇಪಿಸುವ ಬಸವಣ್ಣನವರ ವಚನಗಳನ್ನು ಬಲ್ಲವರಿಗೆ ಈ ಮಧ್ಯಮಪುರುಷದ ಪ್ರಶ್ನೆ ಅಪರಿಚಿತವಲ್ಲ. ಭೇದವೂ ಸ್ಪಷ್ಟ: ವಚನದಲ್ಲಿ ಕೇಳುವವನು ಭಕ್ತ, ಇಲ್ಲಿ ಕೇಳುವವನು ಕ್ರೈಸ್ತರಿಗೆ ಆರಾಧ್ಯನಾದವನೇ.

1930ರ ದಶಕದ ‘ಗೊಲ್ಗೊಥಾ’ವು ಯೇಸುವಿನ ಕಡೆಯ ದಿನವನ್ನು ವಸ್ತುವಾಗಿ ಆಯ್ದುಕೊಂಡದ್ದು ಈ ದೃಷ್ಟಿಯಿಂದ ಅರ್ಥಪೂರ್ಣ. ತೋಮನಿಗೆ ಉತ್ತರ ದೊರೆಯುವುದು ಪುನರುತ್ಥಾನದ ಎಂಟು ದಿನಗಳ ಬಳಿಕ. ಅದು ಈ ವಸ್ತುವಿನ ಎಲ್ಲೆಯಿಂದ ಆಚೆಗಿದೆ. ಹಾಗಾಗಿ ಕಾವ್ಯವು ಓದುಗನನ್ನು ಶಿಷ್ಯರು ಆ ದಿನ ನಿಂತಿದ್ದ ನೆಲೆಯಲ್ಲಿಯೇ, ಉತ್ತರ ಬಾರದ ಪ್ರಶ್ನೆಯೆದುರು, ನಿಲ್ಲಿಸುತ್ತದೆ. ಮುಂದಿನ ಕಥೆಯನ್ನು ಬಲ್ಲೆವೆಂಬ ಸಮಾಧಾನವನ್ನು ಅವಸರದಿಂದ ಇದಕ್ಕೆ ಆರೋಪಿಸುವುದು ವಿಮರ್ಶೆಗೆ ಉಚಿತವಲ್ಲ. ಉತ್ತರವಿಲ್ಲದಿದ್ದಾಗಲೂ ಸಂಬೋಧನೆಯನ್ನು ಕೈಬಿಡದಿರುವುದೇ ಅಲ್ಲಿನ ಶ್ರದ್ಧೆಯ ಲಕ್ಷಣ.