ಚಿನ್ನ ಹೋದ ದಾರಿ, ಕಾಗದ ಬರುವ ದಾರಿ

ಬ್ರಿಟನ್ನಿನಲ್ಲಿ ಚಳಿಗಾಲದ ಭಾನುವಾರ ರಾತ್ರಿ ಎಂಟು ಗಂಟೆ ಎಂದರೆ ಬಂಗಾರಪೇಟೆಯಲ್ಲಿ ನಡುರಾತ್ರಿ ಕಳೆದು ಒಂದೂವರೆ. ಬ್ರಿಟನ್ನಿನವರು ಊಟ ಮುಗಿಸಿ ಆರಾಮಾಗಿ ಕೂತಿರುವ ಹೊತ್ತು ನೋಡಿಕೊಂಡೇ ಮಾರುವವರು ಹರಾಜು ಮುಗಿಯುವ ಗಳಿಗೆ ಇಡುತ್ತಾರೆ. ಇಲ್ಲಿಂದ ಕೂಗುವವನು ಅಲಾರಾಂ ಇಟ್ಟು ಏಳಬೇಕು. ಹಾಗೆ ಎದ್ದು, ಮನೆಯವರಿಗೆ ಎಚ್ಚರವಾಗದಂತೆ ಅಡುಗೆಮನೆಯಲ್ಲಿ ನಿಂತು, ಕೊನೆಯ ಎಂಟು ಸೆಕೆಂಡಿನಲ್ಲಿ ಬೆಲೆ ಒತ್ತಿ ನಾನು ಗೆದ್ದದ್ದು ಒಂದು ಕಾಗದ: ಚಾಂಪಿಯನ್ ರೀಫ್ ಗಣಿ ಕಂಪನಿಯ ರದ್ದಾದ ಷೇರು ಪತ್ರ. ಗೆದ್ದ ಖುಷಿ ಬೆಳಗಾಗುವಷ್ಟರಲ್ಲಿ ಇಳಿದಿತ್ತು. ಅದು ಮನೆ ಸೇರಲು ಹಿಡಿದ ಒಂಬತ್ತು ವಾರ ಮಾತ್ರ ಇನ್ನೂ ನೆನಪಿದೆ.

ಕೆಜಿಎಫ್ ಎಂಬ ಕೋಲಾರ ಚಿನ್ನದ ಗಣಿ ಪ್ರದೇಶದ ಹಳೆಯ ವಸ್ತುಗಳನ್ನು ವಿದೇಶದ ಆನ್‌ಲೈನ್ ಹರಾಜಿನಲ್ಲಿ ಕೊಂಡು ತರಿಸಿಕೊಳ್ಳುವ ಗೀಳು ನನ್ನಂಥ ಕೆಲವರಿಗೆ ಅಂಟಿದೆ. ಅದನ್ನು ಪುಣ್ಯದ ಕೆಲಸವೆಂದು ಹೊಗಳುವವರಿದ್ದಾರೆ, ದುಡ್ಡು ಹಾಳೆಂದು ಬೈಯುವವರೂ ಇದ್ದಾರೆ. ಎರಡಕ್ಕೂ ಮುಂಚೆ ಈ ವ್ಯವಹಾರ ನಡೆಯುವ ಬಗೆಯನ್ನೇ ಒಮ್ಮೆ ತೂಗಿ ನೋಡಬೇಕು.

ಅಲ್ಲಿ ಸಿಗುವುದಾದರೂ ಏನು? ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಕಂಪನಿಗಳ ಷೇರು ಪತ್ರಗಳು. ಶಾಫ್ಟ್‌ಗಳ, ಕ್ಲಬ್ಬಿನ ಚಿತ್ರವಿರುವ ಪೋಸ್ಟ್‌ಕಾರ್ಡುಗಳು. ಮಾರಿಕುಪ್ಪಂ, ಉರಿಗಾಂ ಅಂಚೆ ಮುದ್ರೆ ಬಿದ್ದ ಲಕೋಟೆಗಳು. ಗಣಿಯ ವಾಲಂಟಿಯರ್ ಪಡೆಯ ಟೋಪಿ ಬಿಲ್ಲೆಗಳು, ಅಪರೂಪಕ್ಕೆ ಒಂದು ಹಿತ್ತಾಳೆ ದೀಪ. ಇವು ಅಲ್ಲಿರುವುದಕ್ಕೆ ಕಾರಣ ಸರಳ. ಲೆವೆಲ್ಲೆ ಎಂಬ ನಿವೃತ್ತ ಸೈನಿಕ 1875ರಲ್ಲಿ ಗಣಿ ಪರವಾನಗಿ ಪಡೆದ ಮೇಲೆ, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಕೈಹಾಕಿತು. ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳಲ್ಲಿ ಪಳಗಿದವರು ಬಂದು ಇಲ್ಲಿ ಬಂಗಲೆ ಕಟ್ಟಿದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವವರೆಗೂ ಯಜಮಾನಿಕೆ ಬ್ರಿಟನ್ನಿನದೇ. ಊರಿಗೆ ಮರಳಿದವರ ಪೆಟ್ಟಿಗೆಯಲ್ಲಿ ಹೋದ ವಸ್ತುಗಳು ಮೊಮ್ಮಕ್ಕಳ ಕಾಲಕ್ಕೆ ಮನೆ ಖಾಲಿ ಮಾಡುವಾಗ ಹರಾಜಿಗೆ ಬೀಳುತ್ತಿವೆ.

ಅವನ್ನು ಹುಡುಕುವುದೇ ಒಂದು ವಿದ್ಯೆ. ನಮ್ಮ ಹೆಸರು ಹಾಕಿದರೆ ಏನೂ ಸಿಗದು. ನಂದಿದುರ್ಗವನ್ನು ಆ ಕಂಪನಿಯವರು ಬರೆದಂತೆ ‘ನಂಡಿಡ್ರೂಗ್’ ಎಂದು ಬರೆಯಬೇಕು, ಉರಿಗಾಂ ಅನ್ನು ‘ಊರೆಗಮ್’ ಎಂದು. ಬಂಗಾರಪೇಟೆಗಂತೂ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರೇ ಗತಿ. ‘ಬೌರಿಂಗ್‌ಪೇಟ್’ ಎಂದು ಹುಡುಕಿದರಷ್ಟೇ ನನ್ನ ಊರು ನನಗೆ ಕಾಣಿಸುತ್ತದೆ.

ಸಿಕ್ಕಿದ ಮೇಲೆ ಎದುರಾಗುವ ಮೊದಲ ಗೋಡೆ ಎಂದರೆ ಸರಕಿನ ಚಿತ್ರದ ಕೆಳಗಿರುವ ಒಂದು ಸಾಲು: ಭಾರತಕ್ಕೆ ಕಳಿಸುವುದಿಲ್ಲ. ಕೋಲಾರದ ನೆಲದ ಹೆಸರು ಹೊತ್ತ ವಸ್ತು ಜಪಾನಿಗೆ ಹೋಗಬಹುದು, ಕೆನಡಾಕ್ಕೆ ಹೋಗಬಹುದು, ಕೋಲಾರ ಜಿಲ್ಲೆಗೆ ಬರುವಂತಿಲ್ಲ. ಮೊದಮೊದಲು ಇದಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಆದರೆ ಮಾರುವವರ ಕಡೆಯಿಂದಲೂ ನೋಡಬೇಕು. ಬಹುಪಾಲು ಜನ ಮನೆಯ ಮೇಜಿನ ಮೇಲೆ ಲಕೋಟೆ ಅಂಟಿಸುವ ಸಣ್ಣ ಮಾರಾಟಗಾರರು. ಪಾರ್ಸೆಲ್ ದೇಶದ ಗಡಿ ದಾಟಿದ ಮೇಲೆ ಎಲ್ಲಿದೆ ಎಂದು ತಿಳಿಯದೆ ಹೋದರೆ, ತಲುಪಿಲ್ಲವೆಂದು ಕೊಂಡವನು ದೂರು ಕೊಟ್ಟರೆ, ದುಡ್ಡು ವಾಪಸು ಮಾಡಬೇಕಾದವರು ಅವರೇ. ಹತ್ತು ಪೌಂಡಿನ ಪೋಸ್ಟ್‌ಕಾರ್ಡಿಗೆ ಅಷ್ಟು ತಲೆನೋವು ಯಾರು ತಾನೇ ಕಟ್ಟಿಕೊಳ್ಳುತ್ತಾರೆ?

ಈ ಗೋಡೆ ದಾಟಿದವರಿಗೆ ಲೆಕ್ಕದ ಗೋಡೆ. ಉದಾಹರಣೆಗೆ ಬ್ರಿಟನ್ನಿನ ಸಣ್ಣ ಊರಿನ ಹರಾಜು ಮನೆಯಲ್ಲಿ ಒಂದು ವಸ್ತು 20 ಪೌಂಡಿಗೆ ನಿಂತಿತು ಎನ್ನಿ. ಕೊಳ್ಳುವವನ ಮೇಲಿನ ಕಮಿಷನ್ ಶೇ 25 ಇದ್ದರೆ 5 ಪೌಂಡು. ಆ ಕಮಿಷನ್ನಿನ ಮೇಲೆ ಶೇ 20ರ ಅವರ ತೆರಿಗೆ, 1 ಪೌಂಡು. ಆನ್‌ಲೈನಿನಲ್ಲಿ ಕೂಗಿದ್ದಕ್ಕೆ ಜಾಲತಾಣದ ಶುಲ್ಕ ಶೇ 5 ಎಂದರೆ ಇನ್ನೊಂದು ಪೌಂಡು. ಹರಾಜು ಮನೆಯವರು ಎಷ್ಟೋ ಬಾರಿ ತಾವು ಪ್ಯಾಕ್ ಮಾಡುವುದಿಲ್ಲ; ಹೊರಗಿನ ಪ್ಯಾಕಿಂಗ್ ಅಂಗಡಿಯ ವಿಳಾಸ ಕೊಡುತ್ತಾರೆ. ಅಲ್ಲಿ 30 ಪೌಂಡು ಹೇಳಿದರು ಎನ್ನೋಣ. ಭಾರತದ ಸುಂಕ ಇನ್ನೂ ಶುರುವಾಗಿಲ್ಲ, ಬ್ಯಾಂಕಿನವರು ವಿದೇಶಿ ಪಾವತಿಗೆ ಹಾಕುವ ಶುಲ್ಕ ಸೇರಿಲ್ಲ, ಆಗಲೇ 20 ಪೌಂಡಿನ ವಸ್ತು 57 ಆಗಿದೆ. ನನ್ನ ಕಂಪ್ಲೇಂಟು ಬೆಲೆಯ ಮೇಲಲ್ಲ. ಸುತ್ತಿಗೆ ಬೀಳುವಾಗ ಪರದೆಯ ಮೇಲೆ 20 ಮಾತ್ರ ಹೊಳೆಯುತ್ತಿರುತ್ತದೆ, ಮಿಕ್ಕ 37 ಎಲ್ಲೋ ಷರತ್ತುಗಳ ಪುಟದಲ್ಲಿ ಸಣ್ಣ ಅಕ್ಷರವಾಗಿ ಮಲಗಿರುತ್ತದೆ. ಬಂಗಾರಪೇಟೆಯಲ್ಲಿ ಪಾನಿಪುರಿ ಮಾರುವವನೂ ಪ್ಲೇಟಿನ ಬೆಲೆ ಮೊದಲೇ ಹೇಳುತ್ತಾನೆ.

ಇನ್ನು ಸುಂಕ. ನನ್ನ ಷೇರು ಪತ್ರದಂಥ ಕಾಗದಕ್ಕೆ ಸುಂಕದ ಪಟ್ಟಿಯಲ್ಲಿ ಒಂದೇ ಮನೆ ಇಲ್ಲ. ಷೇರು ಪತ್ರ ಎಂದರೆ 4907. ಇತಿಹಾಸದ ಮೌಲ್ಯವುಳ್ಳ ಸಂಗ್ರಹಯೋಗ್ಯ ವಸ್ತು ಎಂದರೆ 9705. ನೂರು ವರ್ಷ ಮೀರಿದ ಪುರಾತನ ವಸ್ತು ಎಂದರೆ 9706. ಸ್ವಂತ ಬಳಕೆಗೆ ಅಂಚೆಯಲ್ಲಿ ಬಂದ ಸರಕು ಎಂದು ಒಂದೇ ಚೀಲಕ್ಕೆ ಹಾಕಿದರೆ 9804. ಪೋಸ್ಟ್‌ಕಾರ್ಡಿಗೆ 4909, ಅಂಚೆಚೀಟಿಗೆ 9704. ಯಾವ ಸಂಖ್ಯೆಯ ಕೆಳಗೆ ಕೂತಿತೋ ಅದರ ಮೇಲೆ ತೆರಿಗೆ, ಮತ್ತು ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ. ದಿನಕ್ಕೆ ರಾಶಿ ಪೊಟ್ಟಣ ನೋಡುವ ಅಧಿಕಾರಿ ನನ್ನ ಕಾಗದದ ವಯಸ್ಸು ಲೆಕ್ಕ ಹಾಕುತ್ತ ಕೂರಬೇಕೆಂದು ಬಯಸುವುದು ಅತಿಯಾಸೆ. ಕಳಿಸುವವರೇ ಆ ಸಂಖ್ಯೆ ಬರೆದು, ವಸ್ತುವಿನ ವಯಸ್ಸು ಹೇಳುವ ಬಿಲ್ಲನ್ನು ಹೊರಗೆ ಅಂಟಿಸಿದರೆ ಅರ್ಧ ಜಗಳ ಕಡಿಮೆ. ಮಾಡುವವರು ವಿರಳ.

ಸುಂಕ ಬೀಳುವುದು ಬರೀ ವಸ್ತುವಿನ ಬೆಲೆಗಲ್ಲ. ಸಾಗಣೆ, ವಿಮೆಯೂ ಸೇರಿದ ಮೊತ್ತಕ್ಕೆ. ಆದರೆ ಇದರಲ್ಲಿ ಕೊಳ್ಳುವವನ ಪರ ಇರುವ ನಿಯಮವೊಂದಿದೆ: ವಿಮಾನದಲ್ಲಿ ಬಂದ ಸರಕಿಗೆ ಸೇರಿಸುವ ಸಾಗಣೆ ವೆಚ್ಚ ಸರಕಿನ ಬೆಲೆಯ ಶೇ 20ನ್ನು ಮೀರಬಾರದು ಎಂದು 2007ರ ಮೌಲ್ಯ ನಿರ್ಧಾರ ನಿಯಮಗಳು ಹೇಳುತ್ತವೆ. 20 ಪೌಂಡಿನ ಕಾಗದಕ್ಕೆ 30 ಪೌಂಡು ಸಾಗಣೆ ಕೊಟ್ಟವನು ನೆನಪಿಡಬೇಕಾದ ಮಾತು ಇದು. ನನಗೆ ಗೊತ್ತಾಗಿದ್ದು ಮೂರನೇ ಪಾರ್ಸೆಲ್ಲಿಗೆ ದುಡ್ಡು ಕಟ್ಟಿದ ಮೇಲೆ.

ಮಾರುವವರು ಒಳ್ಳೆಯ ಮನಸ್ಸಿನಿಂದಲೇ ಮಾಡುವ ತಪ್ಪೊಂದಿದೆ: ಸುಂಕದ ಫಾರಂನಲ್ಲಿ ‘ಉಡುಗೊರೆ’ ಎಂದು ಬರೆದು ಬೆಲೆ ಇಳಿಸುವುದು. ಅದು ಸುಳ್ಳು, ಜೊತೆಗೆ ಉಪಯೋಗವಿಲ್ಲದ ಸುಳ್ಳು. 2019ರ ಡಿಸೆಂಬರಿನಿಂದ ಭಾರತದಲ್ಲಿ ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟು ಬೇರೆ ಉಡುಗೊರೆಗಳಿಗೆ ಸುಂಕ ವಿನಾಯಿತಿ ಇಲ್ಲ. ಇತ್ತ ಪೊಟ್ಟಣ ಕಳೆದುಹೋದರೆ ಪರಿಹಾರ ಸಿಗುವುದು ಫಾರಂನಲ್ಲಿ ಬರೆದಷ್ಟು ಬೆಲೆಗೆ ಮಾತ್ರ. ಸುಂಕವೂ ಉಳಿಯಲಿಲ್ಲ, ವಿಮೆಯೂ ಹೋಯಿತು.

ನನ್ನ ಚಾಂಪಿಯನ್ ರೀಫ್ ಕಾಗದದ ಮಾರಾಟಗಾರ ಪ್ರಾಮಾಣಿಕ. ಉಡುಗೊರೆ ಎಂದು ಬರೆಯಲಿಲ್ಲ. ಪೊಟ್ಟಣಕ್ಕೆ ಅಂಟಿಸುವ ಸುಂಕದ ಹಸಿರು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಕೋಲಾರ್ ಗೋಲ್ಡ್, ಒಂದು’ ಎಂದು ಬರೆದ. ಅಷ್ಟು ಸಾಕಾಯಿತು. ಚಿನ್ನವನ್ನು ಅಂಚೆಯಲ್ಲಿ ಕಳಿಸಿದ್ದಾರೆಂದು ಪೊಟ್ಟಣ ಎಲ್ಲೋ ಒಂದು ಮೇಜಿನ ಮೇಲೆ ನಿಂತಿತು. ಬಿಲ್ಲು ಕಳಿಸಿ, ಗುರುತಿನ ಚೀಟಿ ಕಳಿಸಿ, ವಸ್ತುವಿನ ಉಪಯೋಗ ತಿಳಿಸಿ ಎಂಬ ಪತ್ರ ಬಂತು. ಉಪಯೋಗ? ಗೋಡೆಗೆ ತೂಗುಹಾಕುವುದು ಎಂದು ಬರೆದೆ. ಕೊನೆಗೆ ಬಂದಾಗ ಲಕೋಟೆಯನ್ನು ಒಂದು ಕಡೆ ನೀಟಾಗಿ ಕತ್ತರಿಸಿ ನೋಡಿ ಮತ್ತೆ ಟೇಪು ಸುತ್ತಿದ್ದರು. ಒಳಗಿನ ರಟ್ಟು ಗಟ್ಟಿಯಾಗಿದ್ದುದರಿಂದ ಕಾಗದಕ್ಕೆ ಮಡಿಕೆ ಬಿದ್ದಿರಲಿಲ್ಲ. ನೂರಿಪ್ಪತ್ತೊಂದು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ತೆಗೆದ ನೆಲಕ್ಕೆ ಚಿನ್ನವೆಂಬ ಬರೀ ಹೆಸರು ವಾಪಸು ಬರಲು ಇಷ್ಟು ವಿಚಾರಣೆ. ಆರಂಭದ ದಶಕಗಳಲ್ಲಿ ನಿಜವಾದ ಚಿನ್ನ ಇದೇ ಬಂಗಾರಪೇಟೆ ಜಂಕ್ಷನ್ ದಾಟಿ ಬೊಂಬಾಯಿಗೆ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ ಹೋಗುತ್ತಿತ್ತು. ಆ ದಾರಿಯನ್ನು ಹಾಕಿದವರಿಗೆ ಸಾಗಣೆ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು.

ದೊಡ್ಡ ಜಾಲತಾಣಗಳು ಈ ಗೋಜಲಿಗೆ ಕಂಡುಕೊಂಡ ಪರಿಹಾರ ಕೇಂದ್ರ ಗೋದಾಮು. ಇಬೇ 2012ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಯೋಜನೆಯಲ್ಲಿ ಮಾರುವವನು ವಸ್ತುವನ್ನು ತನ್ನ ದೇಶದ ಗೋದಾಮಿಗೆ ಕಳಿಸಿದರೆ ಸಾಕು. ಮುಂದಿನ ಸಾಗಣೆ, ಸುಂಕ ಎಲ್ಲ ಅವರದು. ಹಣ ಮುಂಗಡವಾಗಿ ಕೊಂಡವನಿಂದ ವಸೂಲು. ಇದರ ಗುಣವನ್ನು ಒಪ್ಪಬೇಕು: ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ನಿಂತು ಅನಿರೀಕ್ಷಿತ ಮೊತ್ತ ಕೇಳುವುದು ತಪ್ಪುತ್ತದೆ, ಇಂಡಿಯಾ ಎಂದರೆ ಹೆದರುವ ಮಾರಾಟಗಾರನೂ ಒಪ್ಪುತ್ತಾನೆ. ದೋಷ ಇರುವುದು ಸಂಗ್ರಾಹಕನ ಕಣ್ಣಿಗೆ ಬೀಳುವ ಕಡೆ. ಗೋದಾಮಿನಲ್ಲಿ ಪೊಟ್ಟಣ ಬಿಚ್ಚಿ ಮತ್ತೆ ಕಟ್ಟುವವನಿಗೆ ಹಳೆಯ ಲಕೋಟೆಯೂ ಮೊಬೈಲ್ ಕವರೂ ಒಂದೇ. ಒಬ್ಬನೇ ಮಾರಾಟಗಾರನಿಂದ ಐದು ಪೋಸ್ಟ್‌ಕಾರ್ಡು ಕೊಂಡರೆ ಒಂದೇ ಲಕೋಟೆಯಲ್ಲಿ ತರಿಸಿಕೊಳ್ಳುವ ಜಾಣತನಕ್ಕೆ ಅಲ್ಲಿ ಹಲವು ಬಾರಿ ಜಾಗವಿಲ್ಲ. ಐದಕ್ಕೂ ಬೇರೆ ಬೇರೆ ಬಾಡಿಗೆ.

ಲೋಹದ ವಸ್ತುಗಳ ಪಾಡು ಇನ್ನೂ ಕಷ್ಟ. ಗಣಿಯ ಕಾರ್ಬೈಡ್ ದೀಪದೊಳಗೆ ಹಳೆಯ ಪುಡಿ ಅಂಟಿದ್ದರೆ ವಿಮಾನಕ್ಕೆ ಹತ್ತಿಸುವುದಿಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ನೀರು ತಾಗಿದರೆ ಉರಿಯುವ ಅನಿಲ ಬಿಡುತ್ತದೆ. ಅದನ್ನು ತೊಳೆದು ಉಜ್ಜಿ ಫಳಫಳ ಮಾಡಿ ಕಳಿಸಿದರೆ ನೂರು ವರ್ಷದ ಮಸಿ, ಅಂದರೆ ದೀಪದ ಅರ್ಧ ಇತಿಹಾಸ, ಚರಂಡಿ ಸೇರುತ್ತದೆ. ನನ್ನ ತೀರ್ಮಾನ ಹೀಗಿದೆ: ಚಪ್ಪಟೆ ಕಾಗದವನ್ನು ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು, ಸಹಿ ಪಡೆದು ತಲುಪಿಸುವ ಮಾಮೂಲಿ ಅಂಚೆಯಲ್ಲಿ, ನಿಜ ಬೆಲೆ ಬರೆದು ತರಿಸಿಕೊಂಡರೆ ಈ ಹವ್ಯಾಸಕ್ಕೆ ಅರ್ಥವಿದೆ. ಭಾರದ ವಸ್ತು, ಒಡೆಯುವ ವಸ್ತು, ಫ್ರೇಮಿನ ಚಿತ್ರ ಇವನ್ನು ಪರದೆಯ ಮೇಲೆ ನೋಡಿ ಸಂತೋಷಪಟ್ಟು ಮಲಗುವುದು ಲೇಸು.

ಎದುರು ದಿಕ್ಕಿನ ದಾರಿಯಂತೂ ಇನ್ನೂ ಇಕ್ಕಟ್ಟು. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು, 75 ವರ್ಷ ದಾಟಿದ ಮಹತ್ವದ ದಾಖಲೆಯನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಗುಜರಿಯಲ್ಲಿ ಸಿಕ್ಕ ಗಣಿಯ ಹಳೇ ರಿಜಿಸ್ಟರನ್ನು ಆಸ್ಟ್ರೇಲಿಯಾದ ಗಿರಾಕಿಗೆ ಮಾರಲು ಹೊರಟವರು ಇದನ್ನು ಮರೆಯಬಾರದು. ಕಾನೂನು ಬಿಟ್ಟ ವಸ್ತುವಿಗೂ ದಾರಿ ನೆಚ್ಚುವಂತಿಲ್ಲ. 2025ರ ಆಗಸ್ಟಿನಲ್ಲಿ ಅಮೆರಿಕ 800 ಡಾಲರಿನವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿ ತೆಗೆದಾಗ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಹೋಗುವ ಬಹುತೇಕ ಪಾರ್ಸೆಲ್ ನಿಲ್ಲಿಸಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ.

ಇಷ್ಟೆಲ್ಲ ಪಾಡುಪಟ್ಟು ತರಿಸಿದ ಷೇರು ಪತ್ರ ಈಗ ನನ್ನ ಎದುರಿಗಿದೆ. ಕಂಪನಿಯ ಉಬ್ಬು ಮೊಹರು, ಷೇರಿನ ಸಂಖ್ಯೆ, ಕಂದಿದ ಶಾಯಿಯಲ್ಲಿ ಇಂಗ್ಲೆಂಡಿನ ಯಾರೋ ಒಬ್ಬರ ಹೆಸರು. ನೋಡುತ್ತ ನೋಡುತ್ತ ನನಗೇ ಒಂದು ಮಾತು ಚುಚ್ಚಿತು. ಇದನ್ನು ನಾನು ‘ವಾಪಸು ತರಿಸಿದೆ’ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ವಾಪಸು ಎಲ್ಲಿ ಬಂತು? ಇದು ಎಂದೂ ಇಲ್ಲಿ ಇರಲೇ ಇಲ್ಲ. ಲಾಭದ ಪಾಲು ಕೇಳುವ ಕಾಗದ ಲಾಭ ಹೋದ ಊರಿನಲ್ಲೇ ಹುಟ್ಟಿತು, ಅಲ್ಲೇ ಕೈ ಬದಲಾಯಿಸಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕಲ್ಲು ಒಡೆದವನು ಇಂಥದ್ದೊಂದನ್ನು ಕಂಡಿರುವುದೇ ಅನುಮಾನ. ಅವನ ಕೈಗೆ ಬಂದ ಕಾಗದಗಳು ಬೇರೆ: ಸಂಬಳದ ಚೀಟಿ, ಗಣಿಯ ಗುರುತಿನ ಚೀಟಿ, ಆಸ್ಪತ್ರೆ ಚೀಟಿ, ಕಾರ್ಮಿಕರ ಲೈನ್ ಮನೆಯ ಹಂಚಿಕೆ ಪತ್ರ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗಿನ ಲೆಕ್ಕದ ಹಾಳೆ. ಇವಕ್ಕೆ ಲಂಡನ್ನಿನಲ್ಲಿ ಯಾರೂ ಕೂಗುವುದಿಲ್ಲ. ತರಿಸಲು ಸಾಗಣೆ ಖರ್ಚಿಲ್ಲ, ಸುಂಕವಿಲ್ಲ, ಹಸಿರು ಚೀಟಿ ಬೇಕಿಲ್ಲ. ಮಾರಿಕುಪ್ಪಂ, ಚಾಂಪಿಯನ್ ರೀಫ್‌ನ ಮನೆಗಳ ತಗಡಿನ ಟ್ರಂಕುಗಳಲ್ಲಿ ಗೆದ್ದಲಿಗೆ ಕಾಯುತ್ತ ಕೂತಿವೆ, ಇಲ್ಲವೇ ಹಳೇ ಪೇಪರಿನ ಜೊತೆ ಕಿಲೋ ಲೆಕ್ಕದಲ್ಲಿ ಹೋಗುತ್ತಿವೆ.

ವಿದೇಶದ ಹರಾಜಿನ ಹವ್ಯಾಸ ಬಿಡಿ ಎಂದು ಹೇಳುವ ಹಕ್ಕು ನನಗಿಲ್ಲ. ಅಲಾರಾಂ ಇನ್ನೂ ಇಡುತ್ತೇನೆ. ಆದರೆ ಒಬ್ಬೊಬ್ಬರೇ ತಮ್ಮ ಗೋಡೆಗಾಗಿ ತರಿಸುವುದಕ್ಕಿಂತ ಊರಿಗೊಂದು ಸಂಗ್ರಹವೆಂದು ಸೇರಿ ತರಿಸುವುದು ಮೇಲು. ಸಾರ್ವಜನಿಕ ವಸ್ತುಸಂಗ್ರಹಾಲಯದ ಪ್ರದರ್ಶನಕ್ಕೆ ಬರುವ ಪುರಾತನ ವಸ್ತುಗಳಿಗೆ ಸುಂಕ ವಿನಾಯಿತಿಯ ದಾರಿಯೂ ಇದೆ. ಅದು ಆಗುವವರೆಗೆ ಒಂದು ಕೋರಿಕೆ: ನಿಮ್ಮ ತಾತನ ಸಂಬಳದ ಚೀಟಿ ಟ್ರಂಕಿನಲ್ಲಿದ್ದರೆ, ಗುಜರಿಯವನು ಬರುವ ಮುಂಚೆ ಅದರ ಎರಡೂ ಬದಿಯ ಫೋಟೊ ತೆಗೆದಿಡಿ. ಹಿಂಬದಿಯಲ್ಲಿ ಅವರೇ ಪೆನ್ಸಿಲಿನಲ್ಲಿ ಬರೆದ ಕಡದ ಲೆಕ್ಕ ಇದ್ದರೂ ಇರಬಹುದು.