ಕಲ್ಲು ಹೊದ್ದ ಊರು

ಜಿರೊಕಾಸ್ತರದ ಚೆಲುವೆಲ್ಲ ಅದರ ಸೂರಿನಲ್ಲಿದೆ. ದಕ್ಷಿಣ ಅಲ್ಬೇನಿಯಾದ ಈ ಬೆಟ್ಟದೂರಿನ ಹಳೆಯ ಮನೆಗಳಿಗೆ ಹೆಂಚಿಲ್ಲ. ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹೊದಿಸಿದ್ದಾರೆ. ಮಳೆ ಬಿದ್ದರೆ ಊರಿಗೆ ಊರೇ ಬೆಳ್ಳಿಯಂತೆ ಹೊಳೆಯುತ್ತದೆ. ಆ ನೀರೂ ವ್ಯರ್ಥವಾಗದು, ಸೂರಿನಿಂದಿಳಿದು ಮನೆಯಡಿಯ ತೊಟ್ಟಿ ಸೇರುತ್ತದೆ. ಕೋಟೆಯಂಥ ದಪ್ಪ ಗೋಡೆ, ಕೆಳಗೆ ಸಣ್ಣ ಕಿಂಡಿ. ಮೇಲೇರಿದಂತೆ ಕಿಟಕಿಗಳು ಅಗಲವಾಗುತ್ತವೆ, ಕೆತ್ತನೆಯ ಮರದ ಚಾವಣಿ ಕಣ್ತುಂಬುತ್ತದೆ. 1812ರ ಸುಮಾರಿಗೆ ಕಟ್ಟಿದ ಝೆಕಾತೆ ಮನೆಯಲ್ಲಿ ಕಾವಲೂ ಸೊಬಗೂ ಒಟ್ಟಿಗೇ ಬಾಳಿವೆ.

ಕಾದಂಬರಿಕಾರ ಇಸ್ಮಾಯಿಲ್ ಕಾದರೆ 1936ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಸೂರು ಉಳಿಯದು. ಚಪ್ಪಡಿ ಬಲು ಭಾರ. ಆಸರೆಯ ತೊಲೆ ಕೊಳೆತರೆ ಸೂರೇ ಕುಸಿಯುತ್ತದೆ. ಚಪ್ಪಡಿ ಹೊದಿಸಬಲ್ಲ ಕೈಗಳು ಉಳಿಯಲೇಬೇಕು.